ತೇಜೇ ಗುಡ್ಡದ ಗಂಟೆ

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ, ದ್ರಾಕ್ಷಿತೋಟಗಳಿಗೆ ಹೆಸರಾದ ಬರ್ಗಂಡಿ ಸೀಮೆಯಲ್ಲಿ, ಕ್ಲೂನಿ ಎಂಬ ಸಣ್ಣ ಪಟ್ಟಣವೊಂದಿದೆ. ಕ್ರಿ.ಶ. 910ರಲ್ಲಿ ಸ್ಥಾಪಿತವಾದ ಅಲ್ಲಿನ ಸನ್ಯಾಸಿಮಠವು ಒಂದು ಕಾಲಕ್ಕೆ ಪಶ್ಚಿಮ ಯೂರೋಪಿನ ಧಾರ್ಮಿಕ ಜೀವನಕ್ಕೆ ರಾಜಧಾನಿಯಂತಿತ್ತು. 1088ರಲ್ಲಿ ಕಟ್ಟಲು ತೊಡಗಿದ ಅದರ ಮಹಾದೇವಾಲಯವು, ರೋಮಿನಲ್ಲಿ ಸಂತ ಪೇತ್ರನ ಈಗಿನ ದೇವಾಲಯ ಏಳುವವರೆಗೂ ಕ್ರೈಸ್ತ ಜಗತ್ತಿನಲ್ಲೆಲ್ಲ ಅತ್ಯಂತ ದೊಡ್ಡದೆನಿಸಿತ್ತು. ಫ್ರೆಂಚ್ ಮಹಾಕ್ರಾಂತಿಯ ತರುವಾಯ ಅದು ಮಾರಾಟವಾಯಿತು. ಕೊಂಡವರು ಅದನ್ನು ಕೆಡವಿ ಕಲ್ಲನ್ನು ಮಾರಿದರು. ಇಂದು ಆ ದೇವಾಲಯದಲ್ಲಿ ಪ್ರವಾಸಿಗೆ ಕಾಣಸಿಗುವುದು ಒಂದು ಪಾರ್ಶ್ವ ಮತ್ತು ಎಂಟು ಮೂಲೆಯ ಒಂದು ಗಂಟೆಗೋಪುರ, ಬಹುಮಟ್ಟಿಗೆ ಅಷ್ಟೆ. ಹಂಪೆಯನ್ನು ಕಂಡ ಕನ್ನಡಿಗರಿಗೆ ಈ ನೋಟದ ವಿಷಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲೂನಿಯಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರು ಸಾಗಿದರೆ ಗುಡ್ಡವೊಂದರ ಮೇಲೆ ತೇಜೇ ಎಂಬ ಹಳ್ಳಿ ಸಿಕ್ಕುತ್ತದೆ. ಕೆಲವು ಕಲ್ಲುಮನೆಗಳು, ಪುರಾತನವಾದೊಂದು ಪುಟ್ಟ ಚರ್ಚು, ಸುತ್ತ ಹುಲ್ಲುಗಾವಲು. ಇಷ್ಟೇ ಆಗಿದ್ದರೆ ಈ ಊರಿನ ಹೆಸರು ಪಕ್ಕದ ತಾಲ್ಲೂಕನ್ನೂ ದಾಟುತ್ತಿರಲಿಲ್ಲ. ಆದರೆ ಬೇಸಗೆಯಲ್ಲಿ ವಾರವಾರವೂ ಸಾವಿರಾರು ತರುಣ ತರುಣಿಯರು ನಾನಾ ದೇಶಗಳಿಂದ ಈ ಗುಡ್ಡವನ್ನೇರಿ ಬರುತ್ತಾರೆ. ಪವಾಡದ ವಿಗ್ರಹವಾಗಲಿ, ಪುಣ್ಯತೀರ್ಥವಾಗಲಿ ಇಲ್ಲಿಲ್ಲ. ಹಾಗಿದ್ದರೆ ಅವರನ್ನು ಸೆಳೆಯುವುದೇನು?

ಇದಕ್ಕೆ ಉತ್ತರ 1940ರ ಆಗಸ್ಟ್ ತಿಂಗಳಿನಲ್ಲಿ ತೊಡಗುತ್ತದೆ. ಫ್ರಾನ್ಸು ಆಗತಾನೆ ಜರ್ಮನಿಗೆ ಸೋತಿತ್ತು. ದೇಶವನ್ನು ಇಬ್ಭಾಗ ಮಾಡಿದ ಗಡಿರೇಖೆ ತೇಜೇಯಿಂದ ಬಹುದೂರದಲ್ಲಿರಲಿಲ್ಲ. ಆ ದಿನಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಿಂದ ಸೈಕಲ್ಲು ತುಳಿದುಕೊಂಡು ಇಪ್ಪತ್ತೈದು ವರ್ಷದ ಯುವಕನೊಬ್ಬ ಇಲ್ಲಿಗೆ ಬಂದ. ಹೆಸರು ರೋಜೇ ಶುಟ್ಸ್. ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರ ಮಗ. ಒಡೆದುಹೋದ ಕ್ರೈಸ್ತರು ಒಂದಾಗಿ ಬಾಳುವ ಮನೆಯೊಂದನ್ನು ಕಟ್ಟಬೇಕೆಂಬುದು ಅವನ ಆಸೆ. ಹಳ್ಳಿಯ ವೃದ್ಧೆಯೊಬ್ಬಳು ಅವನಿಗೆ ಊಟವಿಟ್ಟು, ತಾವೆಲ್ಲ ಒಂಟಿಯಾಗಿದ್ದೇವೆ, ಇಲ್ಲೇ ನೆಲಸಬಾರದೇ ಎಂದು ಕೇಳಿದಳೆಂದು ಹೇಳುತ್ತಾರೆ. ಅವನು ನೆಲಸಿದ. ಅವನು ಕೊಂಡ ಮನೆಯಲ್ಲಿ ಯುದ್ಧದಿಂದ ನೊಂದವರು, ಯಹೂದ್ಯರೂ ಸೇರಿದಂತೆ, ಬಂದು ಅಡಗಿಕೊಳ್ಳತೊಡಗಿದರು. 1942ರಲ್ಲಿ ಈ ಸುದ್ದಿ ಅಧಿಕಾರಿಗಳಿಗೆ ಮುಟ್ಟಿತು. ರೋಜೇ ಸ್ವಿಟ್ಜರ್ಲೆಂಡಿನಲ್ಲೇ ಉಳಿಯಬೇಕಾಯಿತು. 1944ರಲ್ಲಿ ಕೆಲವು ಸಂಗಡಿಗರೊಡನೆ ಅವನು ತೇಜೇಗೆ ಮರಳಿದ.

ನಿಜವಾದ ಪರೀಕ್ಷೆ ಎದುರಾದುದು ಆಗಲೇ. ಕಾಲಚಕ್ರ ತಿರುಗಿತ್ತು. ಊರಿನ ಸಮೀಪದಲ್ಲೇ ಜರ್ಮನ್ ಯುದ್ಧಕೈದಿಗಳ ಶಿಬಿರವೊಂದು ನಿಂತಿತ್ತು. ನಿನ್ನೆಯವರೆಗೆ ಜರ್ಮನರಿಂದ ತಪ್ಪಿಸಿಕೊಂಡವರಿಗೆ ಆಶ್ರಯವಿತ್ತ ಮನೆ ಇಂದು ಭಾನುವಾರಗಳಂದು ಜರ್ಮನ್ ಕೈದಿಗಳಿಗೆ ಬಾಗಿಲು ತೆರೆಯಿತು. ಇದ್ದ ಸ್ವಲ್ಪದರಲ್ಲೇ ಅವರಿಗೂ ಒಂದು ಪಾಲು, ಜತೆಗೆ ಪ್ರಾರ್ಥನೆ. ಯುದ್ಧದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಬಾಲಕರನ್ನು ಸಾಕಲು ರೋಜೇಯ ಅಕ್ಕ ಜಿನವಿಯೇವ್ ಬಂದಳು. ಅನಾಥ ಬಾಲಕರೂ ಜರ್ಮನ್ ಕೈದಿಗಳೂ ಒಂದೇ ಗುಡ್ಡದ ಮೇಲೆ ಆದರ ಪಡೆದುದು ಸುಲಭದ ಮಾತಲ್ಲ.

ಕಾಣಿಕೆ ಹಿಡಿದು ಬಲಿಪೀಠದೆದುರು ನಿಂತವನಿಗೆ, ತನ್ನ ಮೇಲೆ ಮುನಿದಿರುವ ಒಬ್ಬನ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟುಹೋಗಿ ಮೊದಲು ಅವನೊಡನೆ ಮನಸ್ತಾಪ ತೀರಿಸಿಕೊಂಡು ಬರಬೇಕೆಂದು ಏಸು ಬೋಧಿಸಿದ್ದುಂಟು. ಪೂಜೆಗಿಂತ ಮೊದಲು ಸಂಧಿ ಎಂಬುದು ಇದರ ಭಾವ. ಕ್ರೈಸ್ತ ಸಭೆಗಳಾದರೋ ಶತಮಾನಗಳಿಂದ ಬೇರೆಯದೇ ಕ್ರಮವನ್ನು ಹಿಡಿದಿದ್ದವು: ಮೊದಲು ಸಿದ್ಧಾಂತದಲ್ಲಿ ಒಮ್ಮತ, ಆಮೇಲೆ ಸ್ನೇಹ. ತೇಜೇಯ ಸಹೋದರರು ಏಸುವಿನ ಕ್ರಮವನ್ನು ಅಕ್ಷರಶಃ ಕೈಗೊಂಡರು. ವಾದ ಮುಗಿಯುವವರೆಗೆ ಕಾಯದೆ ಒಟ್ಟಿಗೆ ಬಾಳತೊಡಗಿದರು.

1949ರ ಈಸ್ಟರ್ ಹಬ್ಬದಂದು ಏಳು ಮಂದಿ ಸಹೋದರರು ಬ್ರಹ್ಮಚರ್ಯ, ಸರಳ ಜೀವನ, ಸಮಾನ ಸೊತ್ತು ಎಂಬ ಆಜೀವ ವ್ರತವನ್ನು ತೊಟ್ಟರು. ಅವರೆಲ್ಲ ಪ್ರಾಟೆಸ್ಟೆಂಟರು. ಊರಿನ ಚರ್ಚಾದರೋ ಕ್ಯಾಥೊಲಿಕರದು. ಅಲ್ಲಿ ಪ್ರಾರ್ಥಿಸಲು ಇವರಿಗೆ ದೊರೆತ ಅನುಮತಿಗೆ ಪ್ಯಾರಿಸಿನಲ್ಲಿದ್ದ ಪೋಪರ ರಾಯಭಾರಿ ಆಂಜೆಲೊ ರೊಂಕಾಲಿಯವರ ಒಪ್ಪಿಗೆಯಿತ್ತು. 1958ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಆದವರು ಇವರೇ. 1969ರಿಂದೀಚೆಗೆ ಕ್ಯಾಥೊಲಿಕರೂ ಸಹೋದರರಾಗಿ ಸೇರಿದರು.

ಬರುವವರ ಸಂಖ್ಯೆ ಏರಿದಂತೆ ಹಳೆಯ ಚರ್ಚು ಸಾಲದಾಯಿತು. 1962ರ ಆಗಸ್ಟ್ 6ರಂದು ಹೊಸ ದೇವಾಲಯ ಪ್ರಾರಂಭವಾಯಿತು. ಅದನ್ನು ಕಟ್ಟಲು ದುಡಿದವರು ಜರ್ಮನಿಯ ತರುಣರು. ನಾಜಿಗಳು ಹಾಳುಗೆಡವಿದ ದೇಶಗಳಲ್ಲಿ ತಮ್ಮ ಕೈಯಾರೆ ಏನನ್ನಾದರೂ ಕಟ್ಟಿಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ಹೊರಟಿದ್ದ ಸಂಘವೊಂದರ ಸದಸ್ಯರು ಅವರು. ಸಮಾಧಾನದ ದೇವಾಲಯವೆಂದು ಅದಕ್ಕೆ ಹೆಸರು. ಕಾಂಕ್ರೀಟಿನ ಈ ಕಟ್ಟಡದಲ್ಲಿ ಕ್ಲೂನಿಯ ವೈಭವವನ್ನು ಹುಡುಕುವವರಿಗೆ ನಿರಾಶೆಯೇ ಸರಿ. 1971ರ ಈಸ್ಟರ್ ಸಮಯದಲ್ಲಿ ಒಳಗೆ ಸ್ಥಳ ಸಾಲದೆಹೋದಾಗ ಸಹೋದರರು ಅದರ ಮುಂಗೋಡೆಯನ್ನೇ ಕೆಡವಿ ಡೇರೆ ಹಾಕಿ ವಿಸ್ತರಿಸಿದರು. ಕ್ಲೂನಿಯ ಗೋಡೆಗಳನ್ನು ಕಲ್ಲಿನಾಸೆಗೆ ಕೆಡವಿದರು. ತೇಜೇಯ ಗೋಡೆಯನ್ನು ಕೆಡವಿದ್ದು ಅತಿಥಿಗಳಿಗಾಗಿ.

ದಿನಕ್ಕೆ ಮೂರು ಸಲ ಇಲ್ಲಿ ಗಂಟೆಗಳು ಮೊಳಗುತ್ತವೆ. ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಎಲ್ಲರೂ ದೇವಾಲಯಕ್ಕೆ ನಡೆಯುತ್ತಾರೆ. ಬಹುಮಂದಿ ನೆಲದ ಮೇಲೆಯೇ ಕುಳಿತುಕೊಳ್ಳುತ್ತಾರೆ. ಬಿಳಿಯ ನಿಲುವಂಗಿ ತೊಟ್ಟ ಸಹೋದರರು ನಡುವೆ ಸಾಲಾಗಿ ಕೂರುತ್ತಾರೆ. ಒಂದೆರಡು ಸಾಲಿನ ಹಾಡನ್ನು, ನಮ್ಮ ಭಜನೆಗಳಂತೆ, ಮತ್ತೆ ಮತ್ತೆ ಹಾಡುತ್ತಾರೆ. ಭಾಷೆ ಬಾರದವರೂ ಮೂರನೆಯ ಆವೃತ್ತಿಗೆ ದನಿಗೂಡಿಸಬಹುದು. ದೀರ್ಘ ಪ್ರವಚನದ ಗೊಡವೆ ಇಲ್ಲ. ಬೈಬಲ್ಲಿನ ಸಣ್ಣದೊಂದು ಭಾಗದ ಪಠನ. ಅನಂತರ ಹಲವು ನಿಮಿಷಗಳ ಮೌನ. ಸಾವಿರಾರು ಯುವಕರು ಒಟ್ಟಿಗೆ ಸುಮ್ಮನಿರುವ ಆ ಮೌನವೇ ಇಲ್ಲಿಯ ಅತ್ಯಂತ ದೊಡ್ಡ ಸೋಜಿಗವೆನ್ನಬೇಕು.

ಉಳಿದ ಹೊತ್ತಿನಲ್ಲಿ ಬೈಬಲ್ ಚಿಂತನೆಯೂ ಉಂಟು, ಪಾತ್ರೆ ತೊಳೆಯುವುದೂ ಉಂಟು. ಅಡಿಗೆ, ಬಡಿಸುವಿಕೆ, ಕಕ್ಕಸು ಶುಚಿಮಾಡುವುದು, ಎಲ್ಲವೂ ಅತಿಥಿಗಳ ಪಾಲಿನ ಸೇವೆಯೇ. ಊಟ ಸರಳವಾದುದು, ಒಂದು ಚಮಚ, ಒಂದು ಬಟ್ಟಲು, ಅಷ್ಟರಲ್ಲಿ ತೃಪ್ತಿ. ಸಹೋದರರು ತಮಗಾಗಿ ದಾನವನ್ನು ಸ್ವೀಕರಿಸುವುದಿಲ್ಲ; ಕುಂಬಾರಿಕೆ, ಪುಸ್ತಕಪ್ರಕಟಣೆ ಮೊದಲಾದ ತಮ್ಮ ದುಡಿಮೆಯಿಂದಲೇ ಬದುಕುತ್ತಾರೆ. ಅವರಿಗೆ ಬಂದ ಪಿತ್ರಾರ್ಜಿತವೂ ಬಡವರಿಗೆ ಸಲ್ಲುತ್ತದೆ. ಕಾಯಕ, ದಾಸೋಹ ಎಂಬ ಮಾತುಗಳನ್ನು ಬಲ್ಲ ನಾಡಿಗೆ ಈ ನೇಮ ಅಪರಿಚಿತವೆನಿಸದು.

ಒಳಿತಿನ ಮನೆಗೂ ಕತ್ತಲೆ ತಪ್ಪಿದ್ದಲ್ಲ. 2005ರ ಆಗಸ್ಟ್ 16ರ ಸಂಜೆ, ಪ್ರಾರ್ಥನೆ ನಡೆಯುತ್ತಿದ್ದಂತೆಯೇ, ಮನಸ್ಸಿನ ಸ್ವಾಸ್ಥ್ಯ ಕೆಟ್ಟಿದ್ದ ಮಹಿಳೆಯೊಬ್ಬಳು ಚೂರಿಯಿಂದ ಇರಿದು ರೋಜೇಯವರನ್ನು ಕೊಂದಳು. ಅವರಿಗಾಗ ತೊಂಬತ್ತು ವರ್ಷ. ಒಂದು ವಾರದ ಮೇಲೆ ನಡೆದ ಅಂತ್ಯವಿಧಿಯಲ್ಲಿ, ಅವರ ಸ್ಥಾನಕ್ಕೆ ಬಂದ ಅಲೋಯಿಸ್, ಅವಳನ್ನು ಕ್ಷಮಿಸಬೇಕೆಂದು ದೇವರನ್ನು ಬೇಡಿದರು. ಅಲೋಯಿಸ್ ಜರ್ಮನ್, ಕ್ಯಾಥೊಲಿಕರು. 1950ರಿಂದ 1980ರ ದಶಕದವರೆಗಿನ ಅವಧಿಯಲ್ಲಿ ಕೆಲವು ಸಹೋದರರು ಅಪ್ರಾಪ್ತ ವಯಸ್ಕರ ಮೇಲೆ ದೌರ್ಜನ್ಯವೆಸಗಿದ್ದರೆಂಬುದನ್ನು 2019ರಲ್ಲಿ ಬಹಿರಂಗಪಡಿಸಿ, ಪ್ರಕರಣಗಳನ್ನು ನ್ಯಾಯಾಧಿಕಾರಿಗಳ ಮುಂದಿಟ್ಟವರೂ ಅವರೇ. ಕ್ಷಮೆಯೆಂದರೆ ಸತ್ಯವನ್ನು ಮುಚ್ಚುವುದಲ್ಲ. ನೊಂದವರಿಗೆ ಮೊದಲು ಸಲ್ಲಬೇಕಾದುದು ಸತ್ಯ. ತೇಜೇಯು ಈ ಪಾಠವನ್ನು ತಡವಾಗಿ, ತಲೆತಗ್ಗಿಸಿ ಕಲಿಯಬೇಕಾಯಿತು. 2023ರ ಡಿಸೆಂಬರಿನಲ್ಲಿ ಮುಖ್ಯಸ್ಥರಾಗಿ ಬಂದ ಮ್ಯಾಥ್ಯೂ ಇಂಗ್ಲೆಂಡಿನವರು, ಆಂಗ್ಲಿಕನ್ ಸಭೆಯವರು. ಒಂದೇ ಪೀಠಕ್ಕೆ ಮೂರು ಸಭೆಗಳ ಮೂವರು ಒಬ್ಬರಾದ ಮೇಲೊಬ್ಬರು ಬಂದರು.

ಆದರೂ ಕ್ರೈಸ್ತ ಐಕ್ಯ ಸಾಧಿಸಿತೆಂದು ಹೇಳುವಂತಿಲ್ಲ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರಾಟೆಸ್ಟೆಂಟ್ ಸಭೆಗಳು ಇಂದಿಗೂ ಪ್ರಭುಭೋಜನಕ್ಕೆ ಒಂದೇ ಮೇಜಿನ ಸುತ್ತ ಕೂಡುವುದಿಲ್ಲ. ತೇಜೇ ಆ ವ್ಯಾಜ್ಯವನ್ನು ಬಗೆಹರಿಸಿಲ್ಲ. ಬಗೆಹರಿಯುವ ಮುನ್ನವೇ ಒಂದೇ ಸೂರಿನಡಿ ಬಾಳಬಹುದೆಂಬುದನ್ನು ಎಂಟು ದಶಕಗಳಿಂದ ತೋರಿಸಿಕೊಟ್ಟಿದೆ.

ಹಳೆಯ ಚರ್ಚಿನ ಪಕ್ಕದಲ್ಲಿ, ಸರಳವಾದ ಮರದ ಶಿಲುಬೆಯ ಕೆಳಗೆ ರೋಜೇಯವರ ಸಮಾಧಿಯಿದೆ. ಭಾನುವಾರ ಬಂತೆಂದರೆ ಒಂದು ತಂಡ ಗುಡ್ಡವಿಳಿಯುತ್ತದೆ, ಇನ್ನೊಂದು ತಂಡ ಏರುತ್ತದೆ. ಹೊರಡುವವರಿಗೆ ಸಹೋದರರು ಹೊಸ ಪಂಥದ ದೀಕ್ಷೆ ಕೊಡುವುದಿಲ್ಲ, ಸದಸ್ಯತ್ವದ ಚೀಟಿಯನ್ನೂ ಬರೆಸಿಕೊಳ್ಳುವುದಿಲ್ಲ. ನಿಮ್ಮ ನಿಮ್ಮ ಊರಿಗೆ, ನಿಮ್ಮ ನಿಮ್ಮ ಸಭೆಗೆ ಮರಳಿ ಅಲ್ಲಿ ಸ್ನೇಹ ಕಟ್ಟಿರೆನ್ನುತ್ತಾರೆ. ಅಲ್ಲಿ ಪ್ರತಿಯೊಬ್ಬನಿಗೂ ಮಾತು ಬಿಟ್ಟ ನೆರೆಯವನೋ ಮುನಿದ ಅಣ್ಣನೋ ಇದ್ದೇ ಇರುತ್ತಾನಷ್ಟೆ.