ಕುಮ್ಮಟದುರ್ಗ ಯಾಕೆ ಬಿತ್ತು?

ಹಂಪಿಗೆ ವೀಕೆಂಡ್ ಟ್ರಿಪ್ ಹೋಗೋ ನಮ್ಮ ಆಫೀಸಿನವರು ಆನೆಗೊಂದಿ ನೋಡಿ ವಾಪಸ್ ಬಸ್ ಹತ್ತುತ್ತಾರೆ. ಗಂಗಾವತಿ ಸೀಮೆಯವನಾಗಿ ನಾನು ಹೇಳೋದಿಷ್ಟೇ: ಇನ್ನೊಂದು ದಿನ ಇಟ್ಕೊಳ್ಳಿ, ಕುಮ್ಮಟದುರ್ಗ ನೋಡಿ ಬನ್ನಿ.

ಅಲ್ಲಿ ಸೆಲ್ಫಿಗೆ ಕಲ್ಲಿನ ರಥ ಇಲ್ಲ. ಇರೋದು ಬಂಡೆ, ಮುಳ್ಳುಕಂಟಿ, ಕುಸಿದ ಗೋಡೆ. ಆದರೆ ವಿಜಯನಗರ ಹುಟ್ಟೋಕೂ ಮೊದಲು ಇದು ಕಂಪಿಲರಾಯ, ಅವನ ಮಗ ಕುಮಾರರಾಮನ ಕೋಟೆ.

ಏನಾದರೂ ಕುಸಿದು ಬಿದ್ದರೆ ‘ರೂಟ್ ಕಾಸ್’ ಹುಡುಕೋದು ನಮ್ಮ ಕೆಲಸದ ಚಟ. ಈ ಕೋಟೆಗೆ ಎರಡು ಉತ್ತರ ಸಿಗುತ್ತವೆ.

ಇತಿಹಾಸದ್ದು ಒಂದು. ಮಹಮದ್ ಬಿನ್ ತುಘಲಕನ ವಿರುದ್ಧ ದಂಗೆ ಎದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದ. ಕಂಪಿಲರಾಯ ಆಶ್ರಯ ಕೊಟ್ಟ. ದೆಹಲಿಯ ಸೈನ್ಯ ಬಂತು. 1327ರ ಸುಮಾರಿಗೆ ರಾಜ್ಯವೇ ಹೋಯ್ತು.

ಸುಮಾರು 200 ವರ್ಷಗಳ ನಂತರ ನಂಜುಂಡಕವಿ ಬರೆದ ‘ಕುಮಾರರಾಮನ ಸಾಂಗತ್ಯ’ ಕೋಟೆಯ ಒಳಗೂ ಇಣುಕುತ್ತೆ. ಚೆಂಡು ತರಲು ಬಂದ ರಾಮನ ಮೇಲೆ ಚಿಕ್ಕ ವಯಸ್ಸಿನ ಮಲತಾಯಿ ರತ್ನಾಜಿ ಮನಸ್ಸಿಡ್ತಾಳೆ. ಅವನು ಒಲ್ಲೆ ಅಂದಾಗ ರಾಜನ ಮುಂದೆ ಸುಳ್ಳು ದೂರು. ಅಪ್ಪ ಮಗನನ್ನ ಒಂದು ಮಾತೂ ಕೇಳದೆ ತಲೆ ತೆಗೀರಿ ಅಂತಾನೆ. ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸ್ತಾನೆ.

ಕಥೆ ಕೇಳಿದವರು ಬೈಯೋದು ರತ್ನಾಜಿಗೆ. ನನ್ನನ್ನು ಕಾಡೋದು ಆ ಅಪ್ಪ. ಓಡಿ ಬಂದ ಪರದೇಶಿಗಾಗಿ ರಾಜ್ಯವನ್ನೇ ಪಣಕ್ಕಿಟ್ಟವನು, ಮನೆ ಮಗನಿಗೆ ಎರಡು ನಿಮಿಷ ಕೊಡಲಿಲ್ಲ. ದೊಡ್ಡ ಮನಸ್ಸು ಹೊಸ್ತಿಲಾಚೆಗೆ ಮಾತ್ರ ಇರೋ ಇಂಥವರು ನಮ್ಮ ಮನೆಗಳಲ್ಲೂ ಇಲ್ಲವೇ?

ಹೋಗೋದಾದರೆ ನೀರು ಒಯ್ಯಿರಿ, ನಮ್ಮ ಕಡೆ ಬಿಸಿಲು ಭಾಳ. ಕಥೆ ಓದ್ಕೊಂಡೇ ಹೋಗಿ. ಇಲ್ಲಾಂದ್ರ ಬರೀ ಕಲ್ಲು ಕಾಣ್ತಾವ.