ಸೂತ್ರಧಾರನ ಕಂಠ

ಸಂಸ್ಕೃತ ನಾಟಕದಲ್ಲಿ ಸೂತ್ರಧಾರನು ಪ್ರಸ್ತಾವನೆಯನ್ನು ಮುಗಿಸಿ ನೇಪಥ್ಯಕ್ಕೆ ಸರಿಯುವನು. ಬಳಿಕ ರಂಗವು ಪಾತ್ರಗಳದು. ಧ್ವನಿಮುದ್ರಿತ ಗೀತೆಗಳಿಗೂ ಇಂತಹನೊಬ್ಬನುಂಟು, ಅವನನ್ನು ನಿರ್ಮಾಪಕನೆನ್ನುವರು. ತಾಳವನ್ನೂ ವಾದ್ಯಗಳನ್ನೂ ಹೊಂದಿಸುವವನು ಅವನು, ಕೀರ್ತಿಯು ಗಾಯಕನಿಗೆ. ಅಮೆರಿಕದ ಫ್ಯಾರೆಲ್ ವಿಲಿಯಮ್ಸನು ಮಿತ್ರ ಚಾಡ್ ಹ್ಯೂಗೋನೊಡನೆ ಬ್ರಿಟ್ನಿ ಸ್ಪಿಯರ್ಸ್ ಮೊದಲಾದವರಿಗೆ ಹೀಗೆಯೇ ಗೀತೆಗಳನ್ನು ಕಟ್ಟಿಕೊಟ್ಟಿದ್ದನು. 2003ರಲ್ಲಿ 'ಫ್ರಂಟಿನ್' ಎಂಬುದನ್ನು ತನ್ನ ಹೆಸರಿನಿಂದಲೇ ಹೊರತಂದನು. ಮೊಮ್ಮಗಳು ಅದನ್ನು ನನಗೆ ಕೇಳಿಸಿದಳು. ಕಂಠವು ಘನವಾದುದಲ್ಲ, ತಾರಸ್ಥಾಯಿಯಲ್ಲಿ ತೆಳ್ಳಗೆ ನಡೆಯುವುದು. ಒಲವನ್ನು ಅಡಗಿಸಿ ಬಿಂಕ ತೋರಿದವನ ತಪ್ಪೊಪ್ಪಿಗೆಯೇ ವಸ್ತುವಾದುದರಿಂದ ಆ ತೆಳುವೇ ಒಪ್ಪಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 5ನೆಯ ಸ್ಥಾನಕ್ಕೇರಿತು.

ನಾನು ಮೂವತ್ತು ವರ್ಷ ಮಕ್ಕಳ ಕಂಠವನ್ನು ತಿದ್ದಿದೆನು; ಶಾಲೆಯ ಉತ್ಸವಗಳಲ್ಲಿ ಅವರು ಪದ್ಯವನ್ನು ವಾಚಿಸುವಾಗ ಪರದೆಯ ಹಿಂದೆ ತುಟಿಯಾಡಿಸಿದೆನು. ನಾನು ಬರೆದ ಪದ್ಯವನ್ನು ಒಮ್ಮೆಯಾದರೂ ನಾನೇ ವಾಚಿಸಲಿಲ್ಲ. ಅದನ್ನು ವಿನಯವೆಂದೇ ತಿಳಿದಿದ್ದೆನು. ಈ ಗೀತೆಯನ್ನು ಕೇಳಿದ ಬಳಿಕ, ಅದೂ ಒಂದು ಬಿಂಕವೇ ಆಗಿತ್ತೆಂದು ತೋರಿತು.