ಎರಡು ಸೀರೆಯ ಉದ್ದ

ರಾತ್ರಿ ಊಟವಾದ ಮೇಲೆ 'ಸಿಟೀಸ್: ಸ್ಕೈಲೈನ್ಸ್' ಆಟಕ್ಕೆ ಕಂಪ್ಯೂಟರಿನಲ್ಲಿ ಕಟ್ಟಡಗಳನ್ನು ಕಟ್ಟುವುದು ನನ್ನ ಹವ್ಯಾಸ. ಈ ಸಲ ಹಿಡಿದದ್ದು ಲಂಡನ್ನಿನ ಬಾಲ್‌ಫ್ರನ್ ಟವರ್. ನಗರಾಡಳಿತ ಬಾಡಿಗೆದಾರರಿಗಾಗಿ ಕಟ್ಟಿಸಿದ 26 ಮಹಡಿ, ಮುಗಿದದ್ದು 1967ರಲ್ಲಿ. ಬಣ್ಣ ಕಾಣದ ಕಾಂಕ್ರೀಟು. ಲಿಫ್ಟಿಗೇ ಬೇರೊಂದು ಗೋಪುರ, ಅಲ್ಲಿಂದ ಮೂರು ಮಹಡಿಗೊಂದು ಸೇತುವೆ. ವಾಸ್ತುಶಿಲ್ಪಿ ಎರ್ನೋ ಗೋಲ್ಡ್‌ಫಿಂಗರ್ 1968ರಲ್ಲಿ ಹೆಂಡತಿಯೊಡನೆ ಎರಡು ತಿಂಗಳು ಅಲ್ಲೇ ಇದ್ದು, ನೆರೆಯವರ ಕಷ್ಟಸುಖ ಕೇಳಿದ್ದರು.

ಅಮ್ಮ ಹಿಂದೆ ಬಂದು ನಿಂತಳು. "ಇದೆಂತ ಮಾರಾಯ, ಸಿಮೆಂಟಿನ ಗೋದಾಮಾ? ಬಟ್ಟೆ ಎಲ್ಲಿ ಒಣಗಿಸ್ತಾರೆ?"

ನಾನು ಮಾಡಿದ ಬಾಲ್ಕನಿಗಳೆಲ್ಲ ಖಾಲಿ. ದುರಸ್ತಿಗೆಂದು ಬಾಡಿಗೆದಾರರನ್ನು ಬೇರೆಡೆಗೆ ಕಳಿಸಿದರು, ಆಮೇಲೆ ಮನೆಗಳನ್ನು ಮಾರಾಟಕ್ಕಿಟ್ಟರು ಎಂದೆ. ಅಮ್ಮ ಸುಮ್ಮನಾದಳು. ಪರೇಲಿನ ನಮ್ಮ ಚಾಳು ರಿಡೆವಲಪ್‌ಮೆಂಟಿಗೆ ಹೋಗಿ, ನಾವು ಡೊಂಬಿವಲಿಗೆ ಬಂದು ಹನ್ನೆರಡು ವರ್ಷ. ಚಾಳಿನದೆಂದು ನಮ್ಮಲ್ಲಿರುವುದು ಅಕ್ಕನ ಮದುವೆ ಫೋಟೋಗಳ ಹಿಂದೆ ಕಾಣುವ ತುಂಡು ಗೋಡೆ ಮಾತ್ರ.

"ನಮ್ಮ ಚಾಳು ಮಾಡ್ಲಿಕ್ಕೆ ಆಗ್ತದಾ?"

"ಅಳತೆ ಬೇಕಲ್ಲಮ್ಮಾ."

"ಖೋಲಿ ಹತ್ತಡಿ, ಹನ್ನೆರಡಡಿ. ಹೊರಗಿನ ಪ್ಯಾಸೇಜಿನಲ್ಲಿ ನಮ್ಮ ಪಾಲಿಗೆ ಎರಡು ಸೀರೆ ಉದ್ದದ ಹಗ್ಗ. ಬರಕೊ."

ಬರೆದುಕೊಂಡೆ.